ಹಲ್ಲುನೋವಿಗೆ ಕೊಟ್ಟ ತಂಬಾಕು

ಮೊರಬ ಊರಿನ ಎರೆಹೊಲಗಳಲ್ಲಿ ಕಳೆ ತೆಗೆಯುವ ಹೆಣ್ಣಾಳುಗಳ ಗುಂಪುಗಳು ಆ ಕಾಲಕ್ಕೆ ನಾಲ್ಕೈದು ಇದ್ದವು. ಅವುಗಳಲ್ಲಿ ರಾಮವ್ವನ ಗುಂಪಿಗೆ ಬೇಡಿಕೆ ಹೆಚ್ಚು. ಹೊಲದವರು ಹಿಂದಿನ ದಿನ ಸಂಜೆಯೇ ಕೇರಿಯ ತನಕ ಬಂದು, "ನಾಳಿಗಿ ನಮ್ಮ ಹೊಲಕ್ಕ ಬರ್ರಿ" ಎಂದು ಹೇಳಿ ಹೋಗುತ್ತಿದ್ದರು. ರಾಮವ್ವ ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಬಿಸಿಲು ಏರುವ ಮೊದಲೇ ಸಾಲು ಹಿಡಿದು ಕೂತಿರುತ್ತಿದ್ದಳು. ಕಳೆ ಕೀಳುವ ಅವಳ ಕುರ್ಚಿಗಿಯ ಅಲಗು ಹತ್ತಿಗಿಡದ ಬೇರಿಗೆ ಒಂದು ದಿನವೂ ತಾಗಿದ್ದಿಲ್ಲ. ಆಳುಗಳನ್ನು ಬೈಯದೆ ದುಡಿಸುವ ಗುಣವೂ ಅವಳಿಗಿತ್ತು. ಯಾರಾದರೂ ಹಿಂದೆ ಉಳಿದರೆ ತನ್ನ ಸಾಲು ಮುಗಿಸಿ, ತಿರುಗಿ ಬಂದು ಅವರ ಸಾಲಿಗೆ ಕೈ ಹಾಕುತ್ತಿದ್ದಳು.

ಸೊಂಟಕ್ಕೆ ಸಿಕ್ಕಿಸಿದ ಚಂಚಿ ಇಲ್ಲದೆ ರಾಮವ್ವನನ್ನು ಕಂಡವರಿಲ್ಲ. ನಾಲ್ಕು ಕಿಸೆಯ ಬಟ್ಟೆಯ ಚೀಲ ಅದು. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆಯ ಚೂರು, ಒಂದರಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ನಿಪ್ಪಾಣಿ ತಂಬಾಕು. ಮುಂಜಾನೆ ಒಂದು ರೊಟ್ಟಿ ತಿಂದು ಹೊರಟ ಹೆಂಗಸರಿಗೆ ಮತ್ತೆ ಬುತ್ತಿ ಬಿಚ್ಚುವುದು ಮಧ್ಯಾಹ್ನ ಎರಡಕ್ಕೆ. ನಡುವಿನ ಹಸಿವಿಗೆ ತಂಬಾಕೇ ಗತಿ. ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ಹೆಬ್ಬೆರಳಿನಿಂದ ತಿಕ್ಕಿ ಗಲ್ಲದ ಸಂದಿಯಲ್ಲಿ ಇಟ್ಟುಕೊಂಡರೆ ಹೊಟ್ಟೆ ಸುಮ್ಮನಾಗುತ್ತದೆ, ಬಾಯಿ ಆರುವುದಿಲ್ಲ, ನೀರಿಗೆಂದು ಎದ್ದು ಹೋಗುವ ಕೆಲಸವೂ ತಪ್ಪುತ್ತದೆ. ಇದು ಹೊಲದ ಒಡೆಯರಿಗೂ ಗೊತ್ತಿತ್ತು. ಊರಿನ ದೊಡ್ಡ ಒಕ್ಕಲುತನದ ಕುಬೇರಪ್ಪ ಸಾವಕಾರರ ಹೊಲದಲ್ಲಿ ಹತ್ತು ಗಂಟೆಗೆ ಸರಿಯಾಗಿ ಒಂದು ಬುಟ್ಟಿ ಬರುತ್ತಿತ್ತು. ಅದರಲ್ಲಿ ಎಲೆ, ಅಡಿಕೆ, ತಂಬಾಕು. ಅವರ ತಂದೆಯ ಕಾಲದಿಂದ ನಡೆದು ಬಂದ ಪದ್ಧತಿ. ಹೆಂಗಸರು ಅದನ್ನು ಸಾವಕಾರರ ದೊಡ್ಡ ಮನಸ್ಸು ಎಂದೇ ತಿಳಿದಿದ್ದರು. ರಾಮವ್ವನೂ ಹಾಗೆಯೇ ತಿಳಿದಿದ್ದಳು.

ರಾಮವ್ವನಿಗೆ ತಂಬಾಕು ಕಲಿಸಿದವಳು ಅವಳ ಅತ್ತೆ. ಚೊಚ್ಚಲ ಬಾಣಂತನದಲ್ಲಿ, ಹಲ್ಲು ಗಟ್ಟಿಯಾಗುತ್ತವೆ ಎಂದು ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕಿಸಿದ್ದಳು. ಆ ಅತ್ತೆ ಎಪ್ಪತ್ತು ದಾಟಿ, ಬಾಯಲ್ಲಿ ತಂಬಾಕು ಇಟ್ಟುಕೊಂಡೇ ತೀರಿಕೊಂಡಳು. ಅವಳಿಗೆ ಏನೂ ಆಗಿರಲಿಲ್ಲ. ಹೀಗಾಗಿ ಇದರಿಂದ ಒಬ್ಬರಿಗೆ ಏನಾದರೂ ಆದೀತು ಎಂಬ ಮಾತು ರಾಮವ್ವನ ತಲೆಗೆ ಎಂದೂ ಬಂದಿರಲಿಲ್ಲ.

ರಾಮವ್ವನ ಗಂಡ ಹೊಳಬಸಪ್ಪನಿಗೆ ಸಣ್ಣಪ್ಪನೆಂಬ ತಮ್ಮ ಇದ್ದ. ಸಾವಿರದ ಒಂಬೈನೂರ ಅರವತ್ತೆಂಟರ ಸುಮಾರಿಗೆ ಸಣ್ಣಪ್ಪನಿಗೆ ಅಣ್ಣಿಗೇರಿಯ ಕಡೆಯಿಂದ ರೇಣುಕವ್ವನನ್ನು ತಂದರು. ಆಗ ಅವಳಿಗೆ ಹದಿನೇಳು ವರ್ಷ. ತೆಳ್ಳಗಿನ ಹುಡುಗಿ. ಮಾತು ಕಡಿಮೆ, ನಗು ಹೆಚ್ಚು. ರಾಮವ್ವನನ್ನು ನೆಗೆಣ್ಣಿ ಎಂದು ಕಾಣದೆ ಒಡಹುಟ್ಟಿದ ಅಕ್ಕನಂತೆ ಹಚ್ಚಿಕೊಂಡಳು. ಹೊಲಕ್ಕೆ ಹೊರಟರೆ ರಾಮವ್ವನ ಬಾಜುವಿನ ಸಾಲೇ ಅವಳಿಗೆ ಬೇಕು. ಉಳಿದ ಹೆಂಗಸರು ಬದುವಿನ ಮೇಲೆ ಕೂತು ಎಲೆ ಹಾಕುವಾಗ ಅವಳು ಸೆರಗನ್ನು ಮೂಗಿಗೆ ಹಿಡಿದು ಗಾಳಿ ಬರುವ ಕಡೆ ಹೋಗಿ ಕೂಡುತ್ತಿದ್ದಳು. ಅದನ್ನು ನೋಡಿ ಎಲ್ಲರೂ ನಗುತ್ತಿದ್ದರು.

ಮದುವೆಯಾಗಿ ಎರಡನೆಯ ವರ್ಷ, ಹತ್ತಿ ಬಿಡಿಸುವ ದಿನಗಳು. ಕುಬೇರಪ್ಪನವರ ಹೊಲದಲ್ಲಿ ಕೆಲಸ. ರೇಣುಕವ್ವ ಮುಂಜಾನೆಯಿಂದ ಎಡಗಲ್ಲ ಹಿಡಿದುಕೊಂಡೇ ಹತ್ತಿ ಬಿಡಿಸುತ್ತಿದ್ದಳು. ಹತ್ತು ಗಂಟೆಯ ಹೊತ್ತಿಗೆ ಸಾಲಿನ ನಡುವೆಯೇ ಕೂತುಬಿಟ್ಟಳು.

"ಅಕ್ಕಾ, ಹಲ್ಲಿನ ಬ್ಯಾನಿ ತಾಳವಲ್ದು. ನಾ ಮನಿಗೆ ಹೋಗ್ತೇನಿ."

"ಮನಿಗೆ ಹೋಗಿ ಏನ ಮಾಡ್ತಿ? ಹಲ್ಲು ಮನ್ಯಾಗೂ ನೋಯ್ತೈತಿ" ಎಂದಳು ರಾಮವ್ವ. "ಬಾ ಇಲ್ಲಿ. ಬಾಯಿ ತಗಿ."

ಅವಳು ಚಂಚಿ ಬಿಚ್ಚಿ ಒಂದು ಚಿಟಿಕೆ ತಂಬಾಕು ತೆಗೆದು, ಉಗುರಿನ ತುದಿಯಷ್ಟು ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿದಳು.

"ಒಲ್ಲೆ ಅಕ್ಕಾ. ಅದರ ವಾಸನಿಗೇ ತಲಿ ತಿರಗತೈತಿ."

"ತಿರಗಿದ್ರ ತಿರಗಲಿ ಬಿಡು. ನುಂಗಬ್ಯಾಡ, ಉಗುಳಕೋಂತ ಇರು. ಒಂದೀಟ ಹೊತ್ತಿಗೆ ಹಲ್ಲು ಮರಗಟ್ಟತೈತಿ."

ರಾಮವ್ವ ತನ್ನ ಬೆರಳಿನಿಂದಲೇ ಅದನ್ನು ರೇಣುಕವ್ವನ ಎಡಗಲ್ಲದ ಒಳಗೆ, ನೋಯುವ ಹಲ್ಲಿನ ಬುಡಕ್ಕೆ ಒತ್ತಿ ಇಟ್ಟಳು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಬದುವಿನ ಆಚೆ ಹೋಗಿ ವಾಂತಿ ಮಾಡಿಕೊಂಡು ಬಂದಳು. ಹೆಂಗಸರು ನಕ್ಕರು. ರಾಮವ್ವನೂ ನಕ್ಕಳು. ಆದರೆ ಅರ್ಧ ಗಂಟೆಯ ಮೇಲೆ ರೇಣುಕವ್ವ ಗಲ್ಲದಿಂದ ಕೈ ತೆಗೆದು ಎದ್ದು ಸಾಲು ಹಿಡಿದಳು. ಸಂಜೆಗೆ ಎಲ್ಲರಷ್ಟೇ ಹತ್ತಿ ಅವಳ ಮಡಿಲಲ್ಲೂ ಇತ್ತು.

ಮರುದಿನ ಹಲ್ಲು ನೋಯುವ ಮೊದಲೇ ಬಂದು ಕೈ ಚಾಚಿದಳು. ಎಂಟು ದಿನಗಳಲ್ಲಿ ವಾಂತಿ ನಿಂತಿತು. ಹಲ್ಲು ಅಲುಗಾಡಿ ತಾನೇ ಬಿದ್ದುಹೋದ ಮೇಲೂ ತಂಬಾಕು ಆ ಜಾಗದಲ್ಲೇ ಉಳಿಯಿತು. ವರ್ಷ ಕಳೆಯುವಷ್ಟರಲ್ಲಿ ರಾಮವ್ವ ತನ್ನ ಹಳೆಯ ಸೀರೆಯ ಅಂಚು ಹಚ್ಚಿ ಅವಳಿಗೂ ಒಂದು ಚಂಚಿ ಹೊಲಿದುಕೊಟ್ಟಳು. ರೇಣುಕವ್ವ ಕಲಿತ ಮೇಲೆ ಕಲಿಸಿದವಳನ್ನೇ ಮೀರಿಸಿದಳು. ರಾಮವ್ವ ಊಟಕ್ಕೆ ಮೊದಲು ಉಗುಳಿ ಬಾಯಿ ಮುಕ್ಕಳಿಸುತ್ತಿದ್ದಳು. ರೇಣುಕವ್ವ ಉಂಡ ಕೂಡಲೇ ಹಾಕಿಕೊಳ್ಳುವಳು, ಮಲಗುವಾಗಲೂ ಗಲ್ಲದಲ್ಲಿ ಇಟ್ಟುಕೊಂಡೇ ಮಲಗುವಳು. ಎರಡು ಕೂಸುಗಳು ಹುಟ್ಟಿ ವಾರ ತುಂಬುವುದರೊಳಗೆ ಹೋದಾಗ, ಅಳುವುದನ್ನು ಬಿಟ್ಟು ತಂಬಾಕು ತಿಕ್ಕುತ್ತಾ ಕೂತಿರುತ್ತಿದ್ದಳು. ಎಪ್ಪತ್ತೇಳರಲ್ಲಿ ಹುಟ್ಟಿದ ದುರಗವ್ವ ಉಳಿದುಕೊಂಡಳು.

ಎಂಬತ್ನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ರೇಣುಕವ್ವನ ಬುತ್ತಿಯಲ್ಲಿ ಹಿಂಡಿಖಾರ ಕಾಣದಾಯಿತು. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಬಲಗಡೆಯಿಂದಷ್ಟೇ ಅಗಿಯುತ್ತಿದ್ದಳು.

"ಏನ ಬೇ, ಸಾವಕಾರ್ತಿ ಆದೇನು? ಖಾರ ಬ್ಯಾಡಾತು?" ಎಂದು ರಾಮವ್ವ ಚೇಷ್ಟೆ ಮಾಡಿದಳು.

"ಬಾಯಿ ಉರಿಯಾಕತ್ತೈತಿ ಅಕ್ಕಾ. ಉಪ್ಪು ಸೈತ ತಾಳವಲ್ದು."

ಬಿಸಿಲಿನಲ್ಲಿ ಬಾಯಿ ತೆರೆಸಿ ನೋಡಿದರೆ, ಎಡಗಲ್ಲದ ಒಳಗೆ ಕಾಸಿದ ಹಾಲಿನ ಕೆನೆಯಂಥ ಬಿಳಿ ಪದರ. ನಡುವೆ ಗುಲಗಂಜಿಯಷ್ಟು ಕೆಂಪು ಹುಣ್ಣು. ರಾಮವ್ವ ಅದನ್ನು ಉಷ್ಣ ಎಂದಳು. ಹಿರಿಯ ಹೆಂಗಸರೂ ಉಷ್ಣ ಎಂದರು. ತುಪ್ಪ ಹಚ್ಚಿದರು, ಕಾಚು ತೇಯ್ದು ಹಚ್ಚಿದರು, ಪಟಕದ ನೀರಿನಿಂದ ಬಾಯಿ ಮುಕ್ಕಳಿಸಿದರು. ತಂಬಾಕನ್ನು ಮಾತ್ರ ಬಿಡಿಸಲಿಲ್ಲ. ಎಡಕ್ಕೆ ಉರಿದರೆ ಬಲಕ್ಕೆ ಇಟ್ಟುಕೋ ಎಂದು ಹೇಳಿದವಳೂ ರಾಮವ್ವನೇ.

ಆಗ ಊರಿಗೆ ಶಮೀಮಾಬಿ ಎಂಬ ನರ್ಸಬಾಯಿ ಬರುತ್ತಿದ್ದಳು. ಕೂಸುಗಳಿಗೆ ಲಸಿಕೆ ಹಾಕುವುದು, ಬಸುರಿಯರನ್ನು ನೋಡುವುದು ಅವಳ ಕೆಲಸ. ನವಲಗುಂದದಿಂದ ಬಸ್ಸಿನಲ್ಲಿ ಬಂದು ಬಿಳಿ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು ಕೇರಿಯ ಕೆಸರು ದಾಟುತ್ತಿದ್ದಳು. ಗಟ್ಟಿ ಬಾಯಿಯ ಹೆಂಗಸು, ಆದರೆ ಯಾರ ಮನೆಯಲ್ಲೂ ನೀರು ಕುಡಿಯದೆ ಹೋದವಳಲ್ಲ. ದೀಪಾವಳಿಯ ನಂತರ ಒಂದು ದಿನ ರೇಣುಕವ್ವ ಮಾತಾಡುವ ರೀತಿ ಕಂಡು ಅವಳಿಗೆ ಸಂಶಯ ಬಂತು.

"ರೇಣವ್ವಾ, ಬಾಯಿ ತಗಿ ನೋಡೂಣು. ಇನ್ನಷ್ಟು ತಗಿ."

"ಇಷ್ಟ ಬರ್ತೈತ್ರಿ ಬಾಯಾರ. ಇದಕ್ಕಿಂತ ಹೆಚ್ಚು ತೆರಿಯವಲ್ದು."

ಶಮೀಮಾಬಿ ಬೆರಳು ಹಾಕಿ ಮುಟ್ಟಿದಳು, ದವಡೆಯ ಕೆಳಗೆ ಒತ್ತಿ ನೋಡಿದಳು. ಆಮೇಲೆ ಕೈ ತೊಳೆದುಕೊಂಡು ರಾಮವ್ವನನ್ನು ಹಿತ್ತಲಿಗೆ ಕರೆದಳು.

"ಇದು ಉಷ್ಣ ಅಲ್ಲ ರಾಮವ್ವಾ. ಎರಡು ತಿಂಗಳಾತು ಅಂತಿ, ಇನ್ನೂ ಮಾಯ್ದಿಲ್ಲ. ಮೊದಲ ತಂಬಾಕ ಬಿಡಿಸು. ಈ ವಾರದಾಗ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಕರಕೊಂಡು ಹೋಗು. ನಾ ಚೀಟಿ ಬರಕೊಡ್ತೇನಿ."

"ಏನ ಆಗೇತ್ರಿ ಅಕಿಗೆ?"

"ಅದನ್ನ ಅವರು ನೋಡಿ ಹೇಳಬೇಕು. ತಡಾ ಮಾಡಬ್ಯಾಡ."

ರಾಮವ್ವ ಚೀಟಿ ತೆಗೆದುಕೊಂಡು ಗೋಡೆಯ ಗೂಡಿನಲ್ಲಿ ಇಟ್ಟಳು. ಹೋಗಬಾರದು ಎಂದೇನೂ ಅವಳ ಮನಸ್ಸಿನಲ್ಲಿ ಇರಲಿಲ್ಲ. ಆದರೆ ಅದೇ ವಾರ ಕುಬೇರಪ್ಪನವರ ಹತ್ತಿ ಬಿಡಿಸುವುದಿತ್ತು. ಅದರ ಹಿಂದೆಯೇ ಕಡಲೆ ಕೀಳುವುದು, ಜೋಳ ಕೊಯ್ಯುವುದು. ಹನ್ನೆರಡು ಆಳು ತರುತ್ತೇನೆ ಎಂದು ರಾಮವ್ವ ಮಾತು ಕೊಟ್ಟಿದ್ದಳು. ಆ ಹನ್ನೆರಡರಲ್ಲಿ ಇಬ್ಬರ ಕೆಲಸ ಮಾಡುವವಳು ರೇಣುಕವ್ವ. ನರ್ಸಬಾಯಿ ಮತ್ತೊಮ್ಮೆ ಬಂದು ಕೇಳಿದಾಗ, "ಸುಗ್ಗಿ ಮುಗೀಲ್ರಿ ಬಾಯಾರ, ಮುಗಿದ ಮರುದಿನ ಹೋಕ್ಕೇವಿ" ಎಂದಳು. ರೇಣುಕವ್ವನೂ ತಲೆಯಾಡಿಸಿದಳು. ಅಕ್ಕ ಹೇಳಿದ ಮೇಲೆ ಅವಳದು ಬೇರೆ ಮಾತಿರಲಿಲ್ಲ. ಶಮೀಮಾಬಿ ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋದಳು.

ಸುಗ್ಗಿ ಮುಗಿದದ್ದು ಯುಗಾದಿಗೆ. ಅಷ್ಟು ಹೊತ್ತಿಗೆ ಗಲ್ಲದ ಹೊರಗೂ ಬಾವು ಕಾಣುತ್ತಿತ್ತು. ದವಡೆಯ ಕೆಳಗೆ ನೆಲ್ಲಿಕಾಯಿಯಂಥ ಗಂಟು ಎದ್ದಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಸಣ್ಣಪ್ಪ, ರಾಮವ್ವ ಇಬ್ಬರೂ ಅವಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದರು. ಮೊದಲ ದಿನ ಹುಣ್ಣಿನ ಒಂದು ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಮತ್ತೆ ಬರಲು ಹೇಳಿದರು. ಆ ಎರಡನೆಯ ಸಲ ಸಣ್ಣಪ್ಪ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಿದ್ದಾಗ ಹೆಂಗಸರಿಬ್ಬರನ್ನೂ ಒಳಗೆ ಕರೆದರು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಕಾಗದ ಓದಿ ಬದಿಗಿಟ್ಟು ಕೇಳಿದರು.

"ತಂಬಾಕು ಎಷ್ಟು ವರ್ಷದಿಂದ ಹಾಕ್ತೀರಿ?"

"ಹದಿನಾಲ್ಕ ವರ್ಸ ಆತ್ರಿ."

"ಬಾಯಲ್ಲಿ ಇಟ್ಟುಕೊಂಡೇ ಮಲಗ್ತೀರಾ?"

"ಹೌದ್ರಿ."

"ಯಾವಾಗಲೂ ಇದೇ ಗಲ್ಲದಲ್ಲಾ?"

"ಹೌದ್ರಿ. ಹಲ್ಲು ಬ್ಯಾನಿ ಇದ್ದದ್ದು ಈ ಕಡೇನ."

ಡಾಕ್ಟರು ತಲೆ ಅಲ್ಲಾಡಿಸಿದರು. ತಂಬಾಕು, ಸುಣ್ಣ, ಅಡಿಕೆ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೂತರೆ ಒಳಗಿನ ಎಳೆಯ ಚರ್ಮ ಕೆಡುತ್ತಾ ಬರುತ್ತದೆ, ಮೊದಲು ಬಿಳಿಯಾಗುತ್ತದೆ, ಆಮೇಲೆ ಹುಣ್ಣು, ಆಮೇಲೆ ಈ ರೋಗ ಎಂದು ಬಿಡಿಸಿ ಹೇಳಿದರು. ರೋಗದ ಹೆಸರನ್ನೂ ಹೇಳಿದರು. "ನಾಲ್ಕು ತಿಂಗಳು ಮೊದಲು ಬಂದಿದ್ದರೆ ಗಲ್ಲದ ಒಳಗಿನದಷ್ಟೇ ತೆಗೆದರೆ ಸಾಕಾಗುತ್ತಿತ್ತೋ ಏನೋ. ಈಗ ದವಡೆಯ ಎಲುಬಿಗೂ ಹತ್ತಿದೆ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಆಯಾಸದಿಂದ ಹೇಳಿದಂತಿತ್ತು. ಆಮೇಲೆ ಪೆನ್ನು ಹಿಡಿದು ಬರೆಯುತ್ತಲೇ ಕೇಳಿದರು.

"ಯಾರು ಕಲಿಸಿದ್ದು ನಿಮಗೆ ಇದನ್ನ?"

ರೇಣುಕವ್ವ ರಾಮವ್ವನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೂ ಕಲಿಸಿಲ್ರಿ. ನಾನ ಕಲತೆ."

ರಾಮವ್ವ ಅವಳ ಪಕ್ಕದಲ್ಲೇ ನಿಂತಿದ್ದಳು. ನಾನು ಕಲಿಸಿದೆ, ಸುಗ್ಗಿಗಾಗಿ ತಡ ಮಾಡಿದವಳೂ ನಾನೇ ಎಂದು ಹೇಳಬೇಕೆನಿಸಿತು. ಆದರೆ ಅವಳ ಬಾಯಲ್ಲಿ ತಂಬಾಕು ಇತ್ತು. ಹುಬ್ಬಳ್ಳಿಯಲ್ಲಿ ಬಸ್ಸು ಇಳಿಯುವಾಗ ಹಾಕಿಕೊಂಡದ್ದು. ಬಾಯಿ ತೆರೆಯಬೇಕೆಂದರೆ ಉಗುಳಬೇಕು. ಉಗುಳಲು ಆ ಬಿಳಿ ಕೋಣೆಯಲ್ಲಿ ಜಾಗವಿಲ್ಲ. ತುಟಿ ಬಿಗಿಹಿಡಿದು, ಬಾಯಲ್ಲಿ ತುಂಬಿದ ನೀರು ನುಂಗುತ್ತಾ ನಿಂತಳು. ಡಾಕ್ಟರು ಬರೆದು ಮುಗಿಸಿ ಕಾಗದ ಕೊಟ್ಟರು. ಇಬ್ಬರೂ ಹೊರಗೆ ಬಂದರು.

ಶಸ್ತ್ರಕ್ರಿಯೆಯಾಯಿತು. ಎಡ ದವಡೆಯ ಒಂದು ಭಾಗ ತೆಗೆದರು, ಎದೆಯ ಚರ್ಮ ತಂದು ಗಲ್ಲಕ್ಕೆ ಕೂಡಿಸಿದರು. ಹದಿನೆಂಟು ದಿನ ರೇಣುಕವ್ವ ಮೂಗಿನ ನಳಿಗೆಯಿಂದಲೇ ಹಾಲು, ಗಂಜಿ ಕುಡಿದಳು. ರಾಮವ್ವ ಗುಂಪನ್ನು ಇನ್ನೊಬ್ಬಳಿಗೆ ಒಪ್ಪಿಸಿ ಅವಳ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಉಳಿದಳು. ಮಾತು ಬರುವಷ್ಟಾದಾಗ ಒಂದು ಮಧ್ಯಾಹ್ನ ರಾಮವ್ವ ಕೇಳಿಯೇಬಿಟ್ಟಳು.

"ಅವತ್ತ ಡಾಕ್ಟರ ಮುಂದ ನನ್ನ ಹೆಸರ ಯಾಕ ಹೇಳಲಿಲ್ಲ?"

ರೇಣುಕವ್ವನ ಮಾತು ಆಗಲೇ ಮಸುಕಾಗಿತ್ತು. ಪದಗಳ ಅಂಚು ಉದುರಿಹೋಗಿತ್ತು. ರಾಮವ್ವನಿಗೆ ಮಾತ್ರ ಎಲ್ಲವೂ ತಿಳಿಯುತ್ತಿತ್ತು.

"ಹೊರಗಿನವರ ಮುಂದ ಮನಿ ಮಂದಿ ಹೆಸರ ಹೇಳ್ತಾರೇನು? ನೀ ಬಾಯಿ ತಗದಿದ್ರ ನಿನ್ನೂ ಬಾಜೂ ಮಂಚಕ್ಕೇ ಹಾಕ್ತಿದ್ರು."

ಹೇಳಿ ನಕ್ಕಳು. ನಗು ಮುಖದ ಒಂದೇ ಕಡೆ ಮೂಡಿತು. ರಾಮವ್ವ ನಗಲಾರದೆ ಎದ್ದು ನೀರು ತರುವ ನೆಪದಲ್ಲಿ ಹೊರಗೆ ಹೋದಳು. ದವಾಖಾನೆಯ ಕಾಂಪೌಂಡಿನ ಮೂಲೆಯಲ್ಲಿ ಚಂಚಿಯ ತಂಬಾಕನ್ನೆಲ್ಲ ಕೊಡವಿದಳು. ಹನ್ನೊಂದು ದಿನ ಬಿಟ್ಟಳು. ತಲೆ ಸಿಡಿಯಿತು, ಕೈ ನಡುಗಿತು, ಯಾರೇ ಮಾತಾಡಿಸಿದರೂ ಹರಿಹಾಯುತ್ತಿದ್ದಳು. ಹನ್ನೆರಡನೆಯ ದಿನ ಗೇಟಿನ ಹೊರಗಿನ ಪಾನ್ ಅಂಗಡಿಗೆ ಹೋಗಿ ನಿಂತಳು.

ಆಮೇಲೆ ಆರು ವಾರ ಕರೆಂಟು ಕೊಟ್ಟರು. ಯಂತ್ರದಿಂದ ಕಿರಣ ಬಿಡುವ ಆ ಚಿಕಿತ್ಸೆಯನ್ನು ಊರಿನವರು ಕರೆಯುತ್ತಿದ್ದದ್ದೇ ಹಾಗೆ. ಕುತ್ತಿಗೆಯ ಚರ್ಮ ಕಪ್ಪಗಾಯಿತು. ಮಳೆಗಾಲದಲ್ಲಿ ರೇಣುಕವ್ವ ಊರಿಗೆ ಬಂದಳು. ದಸರೆಯ ಹೊತ್ತಿಗೆ ಮೈಯಲ್ಲಿ ಸ್ವಲ್ಪ ಕಸುವು ಬಂದು ಮನೆಯ ಮುಂದೆ ಕಸ ಗುಡಿಸಿದಳು. ಅದನ್ನು ಕಂಡು ಎಲ್ಲರಿಗೂ ಆಸೆ ಹುಟ್ಟಿತು. ಎಂಬತ್ತಾರರ ಬೇಸಿಗೆಗೆ ಕುತ್ತಿಗೆಯ ಇನ್ನೊಂದು ಬದಿಯಲ್ಲಿ ಗಂಟು ಎದ್ದಿತು. ಹುಬ್ಬಳ್ಳಿಯಲ್ಲಿ ನೋಡಿ, ಇನ್ನು ಮನೆಯಲ್ಲೇ ಇರಿಸಿಕೊಳ್ಳಿ ಎಂದು ನೋವಿನ ಗುಳಿಗೆ ಕೊಟ್ಟು ಕಳಿಸಿದರು.

ಕೊನೆಯ ತಿಂಗಳಲ್ಲಿ ಒಂದು ದಿನ. ಸಣ್ಣಪ್ಪ ಹೊಲಕ್ಕೆ ಹೋಗಿದ್ದ. ಒಂಬತ್ತು ವರ್ಷದ ದುರಗವ್ವ ಸಾಲೆಯಲ್ಲಿದ್ದಳು. ರಾಮವ್ವ ಗಂಜಿ ಕುಡಿಸಿ ತುಟಿ ಒರೆಸಿದಳು. ರೇಣುಕವ್ವ ಅವಳ ಮುಂಗೈ ಹಿಡಿದಳು.

"ಅಕ್ಕಾ, ಒಂದ ಚಿಟಿಕಿ ಕೊಡು."

"ಬ್ಯಾಡವ್ವ. ಅದರಿಂದನ ಇಷ್ಟೆಲ್ಲಾ ಆಗೇತಿ."

"ಇನ್ನೇನ ಆಗೂದ ಐತಿ?"

"ಬ್ಯಾಡ ಅಂದೆ."

ರೇಣುಕವ್ವ ಹಿಡಿದ ಮುಂಗೈ ಬಿಡಲಿಲ್ಲ. ಆಮೇಲೆ ಹೇಳಿದಳು.

"ಹಂಗಾರ ಇಲ್ಲೇ ಬಾಜೂ ಬಂದು ಕೂಡು. ನಿನ್ನ ಬಾಯಾಗ ಐತಿ. ಆ ವಾಸನಿನರ ಬರಲಿ."

ಮದುವೆಯಾಗಿ ಬಂದ ಹೊಸದರಲ್ಲಿ ಇದೇ ವಾಸನೆಗೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ ಹುಡುಗಿ ಇವಳು. ರಾಮವ್ವನಿಗೆ ಎದ್ದು ಹೋಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಉಗುಳಿದರೆ ಇವಳು ಕೇಳಿದ ಅಷ್ಟನ್ನೂ ಕೊಡದಂತಾಗುತ್ತಿತ್ತು. ಹತ್ತಿರ ಸರಿದು ಕೂತಳು. ರೇಣುಕವ್ವ ಅವಳ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಬಿಸಿಲು ಹೊಸ್ತಿಲು ದಾಟಿ ಅಂಗಳಕ್ಕೆ ಇಳಿಯುವವರೆಗೆ ಇಬ್ಬರೂ ಹಾಗೆಯೇ ಇದ್ದರು.

ಅವಳು ನಿದ್ದೆ ಹೋದ ಮೇಲೆ ರಾಮವ್ವ ಹಿತ್ತಲಿಗೆ ಹೋಗಿ ಬಾಯಿ ತೊಳೆದುಕೊಂಡಳು. ಅಂದಿನಿಂದ ಮತ್ತೆ ಹಾಕಲಿಲ್ಲ. ಈ ಸಲವೂ ತಲೆ ಸಿಡಿಯಿತು, ಕೈ ನಡುಗಿತು. ಶ್ರಾವಣದ ಮೊದಲ ವಾರದಲ್ಲಿ ರೇಣುಕವ್ವ ತೀರಿಕೊಂಡಳು. ಅವಳಿಗೆ ಮೂವತ್ತೈದು.

ಮಣ್ಣು ಮುಗಿದ ಎಂಟನೆಯ ದಿನಕ್ಕೆ ರಾಮವ್ವ ಮೈದುನನ ಎದುರು ಕೂತಳು. ಸಣ್ಣಪ್ಪ ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತಿದ್ದ.

"ಸಣ್ಣಪ್ಪಾ, ಅಕಿಗೆ ತಂಬಾಕ ಕಲಿಸಿದಾಕಿ ನಾನು. ನರ್ಸಬಾಯಿ ಚೀಟಿ ಕೊಟ್ರೂ ಸುಗ್ಗಿ ಮುಗೀಲಿ ಅಂದಾಕಿನೂ ನಾನ."

ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ ಅತ್ತಿಗಿ. ವಾರಾ ಸಂತ್ಯಾಗಿಂದ ತಂದು ಕೊಟ್ಟಾಂವ ನಾನು. ಉಪ್ಪು ಮರತ ಬಂದ್ರೂ ತಂಬಾಕ ಮರತಿಲ್ಲ. ಬ್ಯಾಡ ಅಂತ ಒಂದ ದಿನಾ ಅಂದಿಲ್ಲ."

ರಾಮವ್ವ ಬೈಗುಳ ತಿನ್ನಲೆಂದೇ ಹೋಗಿದ್ದಳು. ಸಣ್ಣಪ್ಪ ಬೈದಿದ್ದರೆ ಮನಸ್ಸು ಸ್ವಲ್ಪವಾದರೂ ಹಗುರಾಗುತ್ತಿತ್ತು.

ಅದೇ ವರ್ಷ ಹುಬ್ಬಳ್ಳಿಗೆ ಹೋಗಿ ಆ ಚಿಕ್ಕ ವಯಸ್ಸಿನ ಡಾಕ್ಟರನ್ನೂ ಹುಡುಕಿದಳು. ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರ ಜಾಗದಲ್ಲಿದ್ದವರು, "ಏನಾಗಬೇಕಿತ್ತಮ್ಮ?" ಎಂದು ಕೇಳಿದರು. "ಏನಿಲ್ರಿ, ಒಂದ ಮಾತು ಹೇಳೂದಿತ್ತು" ಎಂದು ಹಿಂದಿರುಗಿದಳು.

ಹೊಲಕ್ಕೆ ಮರಳಿದ ಮೊದಲ ದಿನ, ಹತ್ತು ಗಂಟೆಗೆ ಕುಬೇರಪ್ಪನವರ ಬುಟ್ಟಿ ಬಂತು. ಹೆಂಗಸರು ಬದುವಿಗೆ ಬಂದು ಕೂತರು. ರಾಮವ್ವ ಕೂಡಲಿಲ್ಲ. ನಿಂತುಕೊಂಡೇ, ರೇಣುಕವ್ವನ ಹಲ್ಲುನೋವಿನಿಂದ ಹಿಡಿದು ಹುಬ್ಬಳ್ಳಿಯ ಕೋಣೆಯವರೆಗೆ ಎಲ್ಲವನ್ನೂ ಹೇಳಿದಳು. ತಾನು ಬಾಯಿ ಬಿಗಿಹಿಡಿದು ನಿಂತದ್ದನ್ನೂ ಬಿಡಲಿಲ್ಲ. ಕೇಳುತ್ತಿದ್ದವರಲ್ಲಿ ಮೂವರು ಬಾಯಲ್ಲಿದ್ದದ್ದನ್ನು ಉಗುಳಿದರು. ಉಳಿದವರು ಬೇರೆ ಕಡೆ ನೋಡಿದರು.

"ಎಲ್ಲಾರಿಗೂ ಹಂಗ ಆಕ್ಕೈತೇನ ರಾಮವ್ವಾ? ನಿನಗೇನೂ ಆಗಿಲ್ಲಲ್ಲ" ಎಂದಳು ಒಬ್ಬಳು.

ರಾಮವ್ವ ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದ ಮಾತೂ ಅದೇ.

ಸಂಜೆ ಅವಳು ಕುಬೇರಪ್ಪನವರ ಕಟ್ಟೆಗೆ ಹೋದಳು.

"ಸಾವಕಾರ್ರ, ನನ್ನ ಗುಂಪಿಗೆ ತಂಬಾಕಿನ ಬುಟ್ಟಿ ಬ್ಯಾಡ್ರಿ. ಹತ್ತು ಗಂಟೆಕ್ಕ ಒಂದೀಟ ಶೇಂಗಾ ಬೆಲ್ಲ ಕಳಸ್ರಿ, ಬುತ್ತಿ ಬಿಚ್ಚಾಕ ಅರ್ಧಾ ತಾಸು ಕೊಡ್ರಿ."

"ಅರ್ಧಾ ತಾಸು ಕೂತ್ರ ಸಾಲು ಮುಗಿತಾವೇನು? ನಮ್ಮಪ್ಪನ ಕಾಲದಿಂದ ನಡದು ಬಂದದ್ದು. ನಾವೇನ ವಿಷಾ ಕೊಡ್ತೇವೇನ ರಾಮವ್ವಾ?"

"ನಾನೂ ವಿಷಾ ಅಂತ ತಿಳದು ಕೊಟ್ಟಿದ್ದಿಲ್ರಿ."

ಕುಬೇರಪ್ಪ ಕೆಟ್ಟ ಮನುಷ್ಯನಲ್ಲ. ರೇಣುಕವ್ವನ ಮಣ್ಣಿಗೂ ಬಂದು ನಿಂತಿದ್ದರು. ಕೊನೆಗೆ ಬೆಲ್ಲ, ಶೇಂಗಾ ಕಳಿಸುತ್ತೇನೆ, ಆದರೆ ತಂಬಾಕು ಬೇಕೆನ್ನುವವರಿಗೆ ಇಲ್ಲ ಎನ್ನಲಾರೆ ಎಂದರು. ಅರ್ಧ ತಾಸು ಕಾಲು ತಾಸಿಗೆ ಇಳಿಯಿತು. ವರ್ಷದೊಳಗೆ ಹನ್ನೊಂದರಲ್ಲಿ ಆರು ಹೆಂಗಸರು ರಾಮವ್ವನ ಗುಂಪು ಬಿಟ್ಟು ಬೇರೆ ಗುಂಪಿಗೆ ಸೇರಿದರು. ಅವಳ ಕೂಡ ಹೋದರೆ ದಿನವಿಡೀ ಬುದ್ಧಿವಾದ ಕೇಳಬೇಕು ಎಂಬುದು ಅವರ ದೂರು. ಉಳಿದ ಐದು ಜನರನ್ನು ಕಟ್ಟಿಕೊಂಡು ಸಣ್ಣ ಹೊಲಗಳ ಕೆಲಸ ಹಿಡಿಯತೊಡಗಿದಳು. ಹಿಂದಿನ ದಿನ ಸಂಜೆಯೇ ಬಂದು ಹೇಳಿ ಹೋಗುವವರು ಕಡಿಮೆಯಾದರು.

ಎಂಬತ್ತೊಂಬತ್ತರಲ್ಲಿ ಶಮೀಮಾಬಿ ಅವಳನ್ನು ಬಿಡದೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಬಾಯಿ ತೋರಿಸಿದಳು. ರಾಮವ್ವನ ಬಲಗಲ್ಲದಲ್ಲಿ ಸಣ್ಣದೊಂದು ಬಿಳಿ ಕಲೆ ಇತ್ತು. ತಂಬಾಕು ಬಿಟ್ಟು ಮೂರು ವರ್ಷವಾಯಿತು ಎಂದು ಕೇಳಿ ಡಾಕ್ಟರು ಸಂತೋಷಪಟ್ಟರು. "ಬಿಟ್ಟದ್ದು ಒಳ್ಳೇದಾಯ್ತು. ಈಗ ಹೆದರೋದೇನಿಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಹೋಗಿ" ಎಂದರು. ಹೊರಗೆ ಬಂದ ಮೇಲೆ ಶಮೀಮಾಬಿ, "ದೇವರು ದೊಡ್ಡಾಂವ, ರಾಮವ್ವಾ" ಎಂದಳು. ರಾಮವ್ವ ಹೂಂ ಎಂದಳು. ಬಸ್ಸಿನಲ್ಲಿ ಊರು ಬರುವ ತನಕ ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಮನೆಗೆ ಹೋಗದೆ ನೇರವಾಗಿ ಸಣ್ಣಪ್ಪನ ಮನೆಗೆ ಹೋದಳು. ಹನ್ನೆರಡು ವರ್ಷದ ದುರಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ದವಾಖಾನ್ಯಾಗ ಏನಂದ್ರು ದೊಡ್ಡವ್ವಾ?"

"ಏನೂ ಆಗಿಲ್ಲ ಅಂದ್ರು."

ಹುಡುಗಿಯ ಮುಖ ಅರಳಿತು. "ಚಲೋ ಆತು. ನಾ ಮುಂಜಾನಿಂದ ಅಂಜಿಕೊಂಡ ಕುಂತಿದ್ದೆ" ಎಂದಳು.

ರಾಮವ್ವನಿಗೆ ಆ ಅರಳಿದ ಮುಖವನ್ನು ನೋಡಲಾಗಲಿಲ್ಲ. ಒಲೆಯ ಪಕ್ಕ ಕೂತು, ಅವಳ ತಾಯಿಗೆ ತಂಬಾಕು ಇಟ್ಟ ಬೆರಳು ತನ್ನದು ಎಂದು ಹೇಳಿದಳು. ಸುಗ್ಗಿಯ ಮಾತನ್ನೂ ಹೇಳಿದಳು. ಇನ್ನೊಬ್ಬರ ಬಾಯಿಂದ ಇವಳ ಕಿವಿಗೆ ಬೀಳುವ ಮೊದಲು ತಾನೇ ಹೇಳಬೇಕಿತ್ತು. ಮೂರು ವರ್ಷ ಅದನ್ನೂ ಮುಂದೂಡುತ್ತಾ ಬಂದಿದ್ದಳು.

ಹಿಟ್ಟು ನಾದುವ ಕೊಣಮಿಗೆಯಲ್ಲಿ ದುರಗವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಲಾಗುವ ವಾಸನೆ ಬಂತು. ಅವಳು ಅದನ್ನು ತಿರುವಿ ಹಾಕಿದಳು. ಆಮೇಲೆ, "ಅಪ್ಪ ಬರೂ ಹೊತ್ತಾತು" ಎಂದಷ್ಟೇ ಹೇಳಿದಳು. ರಾಮವ್ವ ಎದ್ದು ಮನೆಗೆ ಹೋದಳು.

ನಾಲ್ಕು ದಿನ ಆ ಹುಡುಗಿ ದೊಡ್ಡವ್ವನ ಮನೆಯ ಕಡೆ ಸುಳಿಯಲಿಲ್ಲ. ಐದನೆಯ ದಿನ ಸಂಜೆ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಖಾಲಿ ಬುಟ್ಟಿ ಇತ್ತು. ಮನೆಯಲ್ಲಿ ಜೋಳದ ಹಿಟ್ಟು ತೀರಿತ್ತು, ಒಂದು ಸೇರು ಕೊಡಬೇಕಂತೆ. ರಾಮವ್ವ ಎರಡು ಸೇರು ಅಳೆದು ಹಾಕಿದಳು. ದುರಗವ್ವ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, "ಬರ್ತೇನಿ ದೊಡ್ಡವ್ವಾ" ಎಂದು ಹೇಳಿ ಹೋದಳು.